ಮನೆಯನ್ನು ನಾವೇ ಮಾರಿದರೆ ಕಮಿಷನ್ ಉಳಿಯುತ್ತದಲ್ಲ, ಏಜೆಂಟ್ ಯಾಕೆ ಬೇಕು?

ನಿಮ್ಮ ಪ್ರಶ್ನೆ ಇಷ್ಟು: ಮನೆ ಮಾರಬೇಕಾಗಿದೆ, ಜಾಹೀರಾತು ನೀವೇ ಹಾಕಬಲ್ಲಿರಿ, ಗಿರಾಕಿಗಳು ನೇರವಾಗಿ ಫೋನ್ ಮಾಡುತ್ತಾರೆ, ಹಾಗಿರುವಾಗ ಶೇಕಡಾ ಎರಡೋ ಮೂರೋ ಯಾಕೆ ಬಿಟ್ಟುಕೊಡಬೇಕು? ಗಿರಾಕಿ ಹುಡುಕಿಕೊಡುವುದಕ್ಕೆ ಮಾತ್ರವಾದರೆ ಕೊಡಬೇಕಾಗಿಲ್ಲ, ಆ ಕೆಲಸ ಈಗ ಫೋನಿನಲ್ಲೇ ಆಗುತ್ತದೆ. ಒಳ್ಳೆಯ ಏಜೆಂಟ್ ಕಮಿಷನ್ನಿಗೆ ತಕ್ಕ ಕೆಲಸ ಮಾಡುವುದು ಮುಖ್ಯವಾಗಿ ಎರಡು ಹೊತ್ತಿನಲ್ಲಿ: ಜಾಹೀರಾತಿಗೆ ಮುಂಚೆ ಬೆಲೆ ಕಟ್ಟುವಾಗ, ಆಮೇಲೆ ಮುಂಗಡ ಕೈಗೆ ಬಂದ ದಿನದಿಂದ ನೋಂದಣಿಯವರೆಗೆ ವ್ಯವಹಾರ ಮುರಿಯದಂತೆ ಕಾಯುವಾಗ.

ಮಾಲೀಕರು ಸಾಮಾನ್ಯವಾಗಿ ಅಕ್ಕಪಕ್ಕದ ಮನೆಗಳ ಜಾಹೀರಾತು ನೋಡಿ ಬೆಲೆ ಕಟ್ಟುತ್ತಾರೆ. ಜಾಹೀರಾತಿನಲ್ಲಿರುವುದು ಹೇಳಿದ ಬೆಲೆ, ಮಾರಿಹೋದ ಬೆಲೆಯಲ್ಲ. ಏಜೆಂಟ್ ನೋಡಬೇಕಾದ್ದು ಕಳೆದ 3ರಿಂದ 6 ತಿಂಗಳಲ್ಲಿ ಅದೇ ಬಡಾವಣೆಯಲ್ಲಿ ನಿಜವಾಗಿ ಕೈ ಬದಲಾದ ಮನೆಗಳನ್ನು. ಅಳತೆಯಲ್ಲಿ ನಿಮ್ಮದಕ್ಕಿಂತ ಶೇ. 10-15ರಷ್ಟು ಆಚೀಚೆ ಇರುವ ನಾಲ್ಕೈದು ಮನೆಗಳನ್ನು ಆರಿಸಿ, ಒಂದೊಂದರ ವ್ಯತ್ಯಾಸಕ್ಕೂ ಕೂಡಿಸಿ ಕಳೆಯಬೇಕು: ಆ ಮನೆಗೆ ಕಾರು ನಿಲ್ಲಿಸುವ ಜಾಗವಿತ್ತು, ನಿಮಗಿಲ್ಲ. ಅದು ಇಪ್ಪತ್ತು ವರ್ಷ ಹಳೆಯದು, ನಿಮ್ಮದಕ್ಕೆ ಎಂಟು. ಅದು ಗದ್ದಲದ ರಸ್ತೆಗಿತ್ತು, ನಿಮ್ಮದು ಒಳಗಿದೆ. ಈ ಲೆಕ್ಕವನ್ನು ಕಾಗದದ ಮೇಲೆ ತೋರಿಸಿ ಎಂದು ಕೇಳಿ. ತೋರಿಸಲಾಗದಿದ್ದರೆ ಅವರು ಹೇಳಿದ ಬೆಲೆ ಬರೀ ಊಹೆ.

ಬೆಲೆ ಜಾಸ್ತಿ ಹೇಳಿದರೇನು, ಬೇಕಾದರೆ ಆಮೇಲೆ ಇಳಿಸಬಹುದಲ್ಲ ಎನ್ನುವವರೇ ಹೆಚ್ಚು. ಸಮಸ್ಯೆ ಏನೆಂದರೆ, ಅಂಥ ಮನೆಗಾಗಿ ಕಾದು ಕುಳಿತವರೆಲ್ಲ ಮೊದಲ ಎರಡು ಮೂರು ವಾರದಲ್ಲೇ ನಿಮ್ಮ ಜಾಹೀರಾತು ನೋಡಿ ಮುಗಿಸಿರುತ್ತಾರೆ. ಮೂರು ತಿಂಗಳ ಮೇಲೆ ಇಳಿಸಿದಾಗ ಬರುವವರು ಕೇಳುವ ಮೊದಲ ಮಾತೇ "ಇಷ್ಟು ದಿನ ಯಾಕೆ ಹೋಗಿಲ್ಲ?" ಎಂಬುದು. ಇನ್ನೊಂದು ಸಣ್ಣ ವಿಷಯ: ಹುಡುಕುವವರು ಜಾಲತಾಣದಲ್ಲಿ ದುಂಡು ಅಂಕಿಯನ್ನೇ ಮಿತಿಯಾಗಿ ಹಾಕುತ್ತಾರೆ. ಲೆಕ್ಕ ಸುಲಭವಾಗಲೆಂದು ಬೆಲೆಯನ್ನು 100 ಎಂದಿಟ್ಟುಕೊಳ್ಳೋಣ. ಮಿತಿ 100 ಎಂದಿಟ್ಟವರಿಗೆ 101ರ ಮನೆ ಕಾಣಿಸುವುದೇ ಇಲ್ಲ. 100 ಬೆಲೆಯ ಮನೆಯಲ್ಲಿ ಕಮಿಷನ್ 2 ಹೋಗುತ್ತದೆ ಎಂದು ಕೊರಗುವವರು, ತಪ್ಪು ಬೆಲೆಯಿಂದಾಗಿ ಕೊನೆಗೆ 95ಕ್ಕೆ ಕೊಟ್ಟು, ಜೊತೆಗೆ ಖಾಲಿ ಮನೆಯ ಬಡ್ಡಿ, ತೆರಿಗೆ, ನಿರ್ವಹಣೆಯನ್ನೂ ಕಟ್ಟಿರುತ್ತಾರೆ. ಆ 5ನ್ನು ಯಾರೂ ಲೆಕ್ಕ ಬರೆದಿಡುವುದಿಲ್ಲ.

ಮನೆ ತೋರಿಸುವ ಕೆಲಸ ಸುಲಭದ್ದೆಂದು ಕಾಣುತ್ತದೆ. ಆದರೆ ಮಾಲೀಕರು ಪಕ್ಕದಲ್ಲೇ ನಿಂತಿದ್ದರೆ ಬಂದವರು ಕಪಾಟು ತೆರೆಯುವುದಿಲ್ಲ, ನಲ್ಲಿ ತಿರುಗಿಸಿ ನೋಡುವುದಿಲ್ಲ, ಅಡುಗೆಮನೆ ಇಕ್ಕಟ್ಟೆಂದು ಬಾಯಿಬಿಟ್ಟು ಹೇಳುವುದಿಲ್ಲ. ಚೆನ್ನಾಗಿದೆ ಎಂದು ಹೇಳಿ ಹೋದವರು ಮತ್ತೆ ಫೋನೇ ಮಾಡುವುದಿಲ್ಲ. ಕೆಲಸ ಬಲ್ಲ ಏಜೆಂಟ್ ಹದಿನೈದು ನಿಮಿಷ ಮೊದಲೇ ಬಂದು ಕಿಟಕಿ ತೆರೆದು, ಎಲ್ಲ ದೀಪ ಹಾಕಿ, ಮನೆಯವರನ್ನು ಹೊರಗೆ ಕಳಿಸುತ್ತಾರೆ. ಅತಿ ಚೆಂದದ ಕೋಣೆಯನ್ನು ಮೊದಲು ತೋರಿಸಿ, ಕೊನೆಗೆ ಮಾತಿಗೆ ನಿಲ್ಲಿಸುವುದೂ ಅಲ್ಲೇ. ಮರುದಿನ ಫೋನ್ ಮಾಡಿ "ಯಾವುದು ಹಿಡಿಸಲಿಲ್ಲ?" ಎಂದು ಕೇಳುತ್ತಾರೆ. ಆ ಉತ್ತರಗಳು ನಿಮಗೆ ಬೇಕು. ಎಂಟು ಹತ್ತು ಜನ ನೋಡಿಯೂ ಒಬ್ಬರೂ ಇಷ್ಟಕ್ಕೆ ಕೊಡುತ್ತೀರಾ ಎಂದು ಕೇಳಲಿಲ್ಲವೆಂದರೆ ಬಹುತೇಕ ಬೆಲೆಯದೇ ತೊಂದರೆ. ನೋಡಲಿಕ್ಕೇ ಯಾರೂ ಬರುತ್ತಿಲ್ಲವೆಂದರೆ ಫೋಟೋ ಮತ್ತು ಜಾಹೀರಾತನ್ನೂ ಸರಿಮಾಡಬೇಕು.

ಬರುವವರನ್ನು ಸೋಸುವುದೂ ಅವರದೇ ಕೆಲಸ. ಬ್ಯಾಂಕ್ ಎಷ್ಟು ಸಾಲ ಕೊಡಲು ಒಪ್ಪಿದೆ, ತಮ್ಮ ಮನೆ ಮಾರಿದ ಮೇಲೆ ಕೊಳ್ಳುವವರೇ, ಹಣ ಯಾವ ತಿಂಗಳು ಕೈಗೆ ಬರುತ್ತದೆ, ತೀರ್ಮಾನ ಮಾಡುವವರು ಯಾರು ಎಂಬ ನಾಲ್ಕು ಪ್ರಶ್ನೆಗಳನ್ನು ಫೋನಿನಲ್ಲೇ ಕೇಳಿದರೆ ಅರ್ಧಕ್ಕರ್ಧ ಓಡಾಟ ಉಳಿಯುತ್ತದೆ. ಚೌಕಾಸಿಯಲ್ಲೂ ನಡುವಿನವರು ಇರುವುದು ಒಳ್ಳೆಯದು. "ಮಾಲೀಕರನ್ನು ಕೇಳಿ ಹೇಳುತ್ತೇನೆ" ಎಂಬ ಒಂದು ಮಾತಿಗೆ ನಿಮಗೆ ಒಂದು ರಾತ್ರಿ ಯೋಚಿಸಲು ಸಿಗುತ್ತದೆ. ನೀವೇ ಎದುರು ಕುಳಿತಿದ್ದರೆ ಆ ಅವಕಾಶವಿಲ್ಲ.

ಇನ್ನು ಮುಂಗಡದ ನಂತರದ ದಿನಗಳು. ವ್ಯವಹಾರ ಮುರಿದುಬೀಳುವುದು ಇಲ್ಲೇ, ಅನುಭವವಿಲ್ಲದವರು ಮೈಮರೆಯುವುದೂ ಇಲ್ಲೇ. ಒಂದು ಉದಾಹರಣೆ: 100ಕ್ಕೆ ಮಾತಾಗಿದೆ, ಬ್ಯಾಂಕ್ ಶೇ. 80 ಸಾಲ ಕೊಡುತ್ತದೆ, ಉಳಿದ 20 ಕೊಳ್ಳುವವರ ಕೈಯಲ್ಲಿದೆ. ಬ್ಯಾಂಕಿನ ಮೌಲ್ಯಮಾಪಕರು ಬಂದು ಮನೆಗೆ 94 ಎಂದು ಬರೆದುಬಿಟ್ಟರೆ ಸಾಲ 75.2ಕ್ಕೆ ಇಳಿಯುತ್ತದೆ. ಕೊಳ್ಳುವವರು ಇದ್ದಕ್ಕಿದ್ದಂತೆ ಇನ್ನೂ 4.8 ಹೊಂದಿಸಬೇಕು, ಇಲ್ಲವೇ ನಿಮ್ಮನ್ನು ಬೆಲೆ ಇಳಿಸಿ ಎನ್ನಬೇಕು. ತಿಳಿದ ಏಜೆಂಟ್ ಮೌಲ್ಯಮಾಪಕರು ಬರುವ ದಿನ ಅಲ್ಲೇ ಇದ್ದು, ಬೆಲೆ ಕಟ್ಟುವಾಗ ಮಾಡಿದ ಹೋಲಿಕೆಯ ಪಟ್ಟಿಯನ್ನೂ ದುರಸ್ತಿಯ ಬಿಲ್ಲುಗಳನ್ನೂ ಅವರ ಕೈಗೆ ಕೊಡುತ್ತಾರೆ. ಕಾಗದಪತ್ರದ ತೊಡಕುಗಳೂ ಹೀಗೆಯೇ: ಹಕ್ಕುಪತ್ರದಲ್ಲಿ ಒಂದು ಹೆಸರು, ಗುರುತಿನ ಚೀಟಿಯಲ್ಲಿ ಇನ್ನೊಂದು, ಸಾಲ ತೀರಿದ್ದರೂ ದಾಖಲೆಯಲ್ಲಿ ರದ್ದಾಗದೆ ಉಳಿದ ಅಡಮಾನ, ತೀರಿಕೊಂಡವರ ಹೆಸರಲ್ಲೇ ಇರುವ ಪಾಲು, ಮಂಜೂರಾದ ನಕ್ಷೆಯಲ್ಲಿಲ್ಲದ ಕೋಣೆ. ಜಾಹೀರಾತಿಗೆ ಮುಂಚೆಯೇ ಇವನ್ನು ಕೇಳಿ ತಿಳಿಯದ ಏಜೆಂಟ್ ನಿಮಗೆ ಬೇಡ. ಆದರೆ ಇದಕ್ಕೆ ವಕೀಲರು ಬೇಕೇ ಬೇಕು, ಗೋಡೆ ಅಡಿಪಾಯಕ್ಕೆ ಎಂಜಿನಿಯರ್ ಬೇಕು. ಅವರ ಕೆಲಸವನ್ನು ಏಜೆಂಟರಿಂದ ನಿರೀಕ್ಷಿಸಬೇಡಿ.

ಏಜೆಂಟರ ಹಿತವೂ ನಿಮ್ಮ ಹಿತವೂ ಎಲ್ಲಿ ಬೇರೆಯಾಗುತ್ತದೆ ಎಂಬುದನ್ನೂ ತಿಳಿದುಕೊಳ್ಳಿ. ಇನ್ನೊಂದು ತಿಂಗಳು ಕಾದರೆ ನಿಮಗೆ 3 ಹೆಚ್ಚು ಸಿಗುತ್ತದೆ ಎಂದುಕೊಳ್ಳಿ, ಶೇ. 2ರ ಕಮಿಷನ್ನಿನಲ್ಲಿ ಅವರಿಗೆ ಅದರಿಂದ ಬರುವುದು 0.06 ಮಾತ್ರ. ಅಷ್ಟಕ್ಕಾಗಿ ತಿಂಗಳು ಓಡಾಡುವ ಬದಲು ಈಗ ಬಂದ ಬೆಲೆಗೆ ಕೊಟ್ಟುಬಿಡಿ ಎನ್ನುವ ಸೆಳೆತ ಸಹಜ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ಸ್ಟೀವನ್ ಲೆವಿಟ್ ಮತ್ತು ಚಾಡ್ ಸೈವರ್ಸನ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದು ಸ್ಪಷ್ಟವಾಗಿ ಕಂಡಿದೆ: ಏಜೆಂಟರು ತಮ್ಮ ಸ್ವಂತ ಮನೆ ಮಾರುವಾಗ ಸುಮಾರು 9.5 ದಿನ ಹೆಚ್ಚು ಕಾದು, ಅಂಥದೇ ಬೇರೆ ಮನೆಗಳಿಗಿಂತ ಸುಮಾರು ಶೇ. 3.7 ಹೆಚ್ಚು ಬೆಲೆ ಪಡೆದಿದ್ದರು. ಅದಕ್ಕೇ ನಾನು ಹೇಳುವುದು, ಕಮಿಷನ್ನನ್ನು ಎರಡು ಹಂತ ಮಾಡಿ: ಒಪ್ಪಿದ ಬೆಲೆಯವರೆಗೆ ಮಾಮೂಲಿ ದರ, ಅದಕ್ಕಿಂತ ಮೇಲೆ ಬಂದ ಹಣಕ್ಕೆ ಮಾತ್ರ ಶೇ. 10 ಅಥವಾ 15. ಆಗ ಅವರಿಗೂ ಕಾಯಲು ಒಂದು ಕಾರಣ ಇರುತ್ತದೆ.

ಒಬ್ಬರನ್ನು ಒಪ್ಪುವ ಮೊದಲು ಮೂವರ ಜೊತೆ ಮಾತಾಡಿ. ಎಲ್ಲರಿಗಿಂತ ಹೆಚ್ಚು ಬೆಲೆ ಹೇಳಿದವರ ಬಗ್ಗೆ ಎಚ್ಚರ, ಸಹಿ ಹಾಕಿಸಿಕೊಂಡು ಎರಡು ವಾರದಲ್ಲಿ "ಸ್ವಲ್ಪ ಇಳಿಸೋಣ" ಎನ್ನುವವರು ಬಹಳ. ಕರಾರಿನ ಅವಧಿ 90 ದಿನಕ್ಕಿಂತ ಹೆಚ್ಚು ಬೇಡ. ಕಮಿಷನ್ ಕೊಡುವುದು ಮುಂಗಡದ ದಿನವಲ್ಲ, ನೋಂದಣಿ ಮುಗಿದು ಹಣ ಪೂರ್ತಿ ಬಂದ ದಿನ ಎಂದು ಬರೆಸಿ. ಕೊಳ್ಳುವವರಿಂದಲೂ ಕಮಿಷನ್ ತೆಗೆದುಕೊಳ್ಳುತ್ತೀರಾ ಎಂದು ನೇರವಾಗಿ ಕೇಳಿ. ಹೌದೆಂದರೆ, ನೀವು ಇಳಿಯಬಲ್ಲ ಕೊನೆಯ ಬೆಲೆಯನ್ನು ಅವರಿಗೆ ಹೇಳಲೇಬೇಡಿ. ಅವಧಿ ಮುಗಿದ ದಿನ, ಅವರು ಮನೆ ತೋರಿಸಿದವರ ಹೆಸರಿನ ಪಟ್ಟಿಯನ್ನು ಬರೆಸಿಕೊಳ್ಳಿ. ಹಾಗೆ ಮಾಡದಿದ್ದರೆ ಮುಂದೆ ಯಾರಿಗೆ ಮಾರಿದರೂ "ಅವರನ್ನು ಕರೆತಂದವರು ನಾವೇ" ಎಂದು ಜಗಳ ಬರುತ್ತದೆ.

ಬಾಡಿಗೆಗಿರುವವರೋ ನೆಂಟರೋ ಕೊಳ್ಳಲು ಸಿದ್ಧರಿದ್ದು ಹಣವೂ ಸಿದ್ಧವಿದ್ದರೆ ಏಜೆಂಟ್ ಬೇಡ. ಮೌಲ್ಯಮಾಪಕರೊಬ್ಬರಿಗೆ ಶುಲ್ಕ ಕೊಟ್ಟು ಬೆಲೆಯ ವರದಿ ಮಾಡಿಸಿ, ಕರಾರನ್ನು ವಕೀಲರಿಂದ ಬರೆಸಿ. ಮುಂಗಡ ಎಷ್ಟು, ಬಾಕಿ ಯಾವ ದಿನ, ತಪ್ಪಿದರೆ ಮುಂಗಡ ಯಾರಿಗೆ ಎಂಬ ಮೂರನ್ನೂ ನೆಂಟರಾದರೂ ಸರಿ, ಅದರಲ್ಲಿ ಸೇರಿಸಿಬಿಡಿ.