ಬಾಗಿಲಿಗೆ ತೂಗುಹಾಕಿದ್ದ ಹಲಗೆ

ತಮ್ಮಾ, ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಎಂ.ಎಸ್. ಸೀಟು ಸಿಕ್ಕಿದೆ, ಖರ್ಚೆಷ್ಟು, ರೂಮ್ ಸಿಗುತ್ತದಾ, ಬರೀ ಇಂಗ್ಲಿಷಿನಲ್ಲಿ ಸಾಗುತ್ತದಾ ಎಂದು ಕೇಳಿದ್ದೀಯ. ನಮ್ಮ ಶಿರಸಿಯವನೇ ಅಂತ ಗೊತ್ತಾದ ಮೇಲೆ ಸುಮ್ಮನಿರಲು ಆಗಲಿಲ್ಲ.

ಖರ್ಚಿನದು ಬೇಗ ಹೇಳಿಬಿಡುತ್ತೇನೆ. ನಮ್ಮಂಥ ಹೊರಗಿನವರಿಗೆ ಈ ರಾಜ್ಯದಲ್ಲಿ ಸೆಮಿಸ್ಟರಿಗೆ 1,500 ಯೂರೋ ಫೀಸು. 2017ರಲ್ಲಿ ಶುರುವಾದದ್ದು. ನಾನು 2012ರ ಅಕ್ಟೋಬರಿನಲ್ಲಿ ಬಂದೆ, ಆಗ ಇರಲಿಲ್ಲ, ನನ್ನ ಪುಣ್ಯ. ರೂಮಿಗೆ ಇವತ್ತೇ ಅರ್ಜಿ ಹಾಕು. ಊಟಕ್ಕೆ ಕುಕ್ಕರ್, ಸಾರಿನ ಪುಡಿ ತಾ, ಉಳಿದದ್ದು ನಿನಗೇ ಗೊತ್ತು. ಭಾನುವಾರ ಅಂಗಡಿ ಇರುವುದಿಲ್ಲ.

ಊರಂತೂ ಚಂದ. 1477ರ ವಿಶ್ವವಿದ್ಯಾಲಯ, ಪಕ್ಕದಲ್ಲೇ ನೆಕಾರ್ ನದಿ. ಹುಡುಗರು ಕೋಲು ಊರಿ ಉದ್ದನೆ ದೋಣಿ ನಡೆಸುತ್ತಾರೆ. ವರ್ಷಕ್ಕೊಮ್ಮೆ ಅದರದ್ದೇ ಪಂದ್ಯ, ಸೋತವರು ಮೀನೆಣ್ಣೆ ಕುಡಿಯಬೇಕು!

ಇನ್ನು ಭಾಷೆ. ಕ್ಲಾಸಿನಲ್ಲಿ ಇಂಗ್ಲಿಷ್ ಸಾಗುತ್ತದೆ, ಮನೆಯ ಮೆಟ್ಟಿಲ ಮೇಲೆ ಸಾಗುವುದಿಲ್ಲ. ನಾನಿದ್ದದ್ದು ಹಳೇ ಕಟ್ಟಡದ ಮೂರನೇ ಮಹಡಿ. ನವೆಂಬರಿನ ಒಂದು ದಿನ ನನ್ನ ಬಾಗಿಲಿಗೆ ಯಾರೋ ಸಣ್ಣ ಹಲಗೆ ತೂಗುಹಾಕಿದ್ದರು. ‘ಕೇರ್‌ವೋಖೆ’ ಅಂತ ಬರೆದಿತ್ತು. ಕ್ರಿಸ್ಮಸ್ ಅಲಂಕಾರ ಇರಬೇಕು ಅಂದುಕೊಂಡು ಹಾಗೇ ಬಿಟ್ಟೆ. ಕ್ರಮೇಣ ಎದುರು ಮನೆಯ ಅಜ್ಜಿ ನನ್ನನ್ನು ನೋಡಿದರೆ ಮುಖ ತಿರುಗಿಸತೊಡಗಿದರು. ನಮ್ಮ ಬಣ್ಣ ಇವರಿಗೆ ಆಗುವುದಿಲ್ಲ ಎಂದು ಅಮ್ಮನಿಗೆ ಫೋನಿನಲ್ಲಿ ಹೇಳಿದೆ.

ಹಲಗೆ ನೋಡಿ ಗೆಳೆಯನೊಬ್ಬ ನಕ್ಕುಬಿಟ್ಟ. ಗುಡಿಸುವ ವಾರ ಅಂತ ಅದರ ಅರ್ಥ. ಈ ಶ್ವಾಬಿಯಾ ಸೀಮೆಯ ಪದ್ಧತಿ. ಹಲಗೆ ಯಾರ ಬಾಗಿಲಲ್ಲಿದೆಯೋ ಆ ವಾರ ಅವರು ಮೆಟ್ಟಿಲು ಗುಡಿಸಿ ಒರೆಸಿ, ಹಲಗೆಯನ್ನು ಮುಂದಿನ ಮನೆಗೆ ದಾಟಿಸಬೇಕು. ಮೂರು ವಾರ ನನ್ನ ಪಾಲಿನದನ್ನು ಎಪ್ಪತ್ತು ದಾಟಿದ ಆ ಅಜ್ಜಿಯೇ ಒರೆಸಿದ್ದರು. ಅಂಗಳ ಸಾರಿಸಿ ರಂಗೋಲಿ ಹಾಕದೆ ಕಾಫಿ ಕುಡಿಯದ ಮನೆಯಲ್ಲಿ ಬೆಳೆದವನು ನಾನು!

ಆಮೇಲೆ ಒಂದು ಸಲವೂ ತಪ್ಪಿಸಲಿಲ್ಲ. ಅಜ್ಜಿ ಏನೂ ಅನ್ನಲಿಲ್ಲ. ಬೈಯದಿದ್ದರೆ ಅದೇ ಹೊಗಳಿಕೆ ಅಂತ ಇಲ್ಲಿಯವರದೊಂದು ಮಾತಿದೆ. ಆದರೆ ‘ತಪ್ಪಾಯಿತು, ಗೊತ್ತಿರಲಿಲ್ಲ’ ಎಂದು ನೆಟ್ಟಗೆ ಹೇಳುವಷ್ಟು ಜರ್ಮನ್ ನನಗೆ ಬರುವ ಹೊತ್ತಿಗೆ ಅವರು ಮಗಳ ಊರಿಗೆ ಹೋಗಿಯಾಗಿತ್ತು. ನಮಗೆ ನಿಘಂಟು ಮಾಡಿಕೊಟ್ಟ ಕಿಟೆಲ್ 1903ರಲ್ಲಿ ತೀರಿಕೊಂಡದ್ದು ಇದೇ ಟ್ಯೂಬಿಂಗನ್‌ನಲ್ಲಿ, ಗೊತ್ತಾ? ಅವರು ಅಷ್ಟು ಕನ್ನಡ ಕಲಿತರು. ನನಗೆ ಒಂದು ಸಾಲು ಆಗಲಿಲ್ಲ. ನೀನು ವಿಮಾನ ಹತ್ತುವ ಮೊದಲೇ ಜರ್ಮನ್ ಕಲಿಕೆಯ ಎರಡನೇ ಹಂತ, ಎ2, ಮುಗಿಸಿಕೋ.

ಅಮ್ಮ ಈಗಲೂ ಮಾತು ಬಂದಾಗ ‘ನಿನ್ನ ಆ ಎದುರು ಮನೆ ಕೆಟ್ಟ ಮುದುಕಿ’ ಎನ್ನುತ್ತಾಳೆ. ನಾನಿನ್ನೂ ತಿದ್ದಿಲ್ಲ.