ಸೈಜ್ ಚಿಕ್ಕದಿದ್ರೆ ಹೆಂಡತಿಗೆ ತೃಪ್ತಿ ಸಿಗಲ್ವಾ? ಮದುವೆ ಫಿಕ್ಸ್ ಆಗಿದೆ, ಬೇಡ ಅಂದ್ಬಿಡ್ಲಾ?

ಶಿಶ್ನ ನಿಮಿರಿದಾಗ ನಾಲ್ಕೂವರೆ ಇಂಚು, ದೊಡ್ಡದಾಗ್ಲಿ ಅಂತ ಹಚ್ಚೋ ಎಣ್ಣೆ ಆರ್ಡರ್ ಮಾಡಿದೀನಿ, ಮದುವೆ ಬೇಡ ಅನ್ಲಾ ಅಂತ ಬರ್ದಿದೀರ. ಇದೇ ಭಯ ಇಟ್ಕೊಂಡು ನಮ್ಮನೆಯವ್ರು ನನ್ನನ್ನ ಮದುವೆ ಆದ್ರು, ಆ ಭಯದ ಜೊತೆ ಸಂಸಾರ ಮಾಡಿದೋಳು ನಾನು. ಇಲ್ಲಿ ಉತ್ತರ ಬರ್ದಿರೋರೆಲ್ಲ ಗಂಡಸರೇ ಇದ್ದಂಗಿದೆ, ಹೆಂಡತಿ ಕಡೆಯಿಂದ ಒಂದು ಇರ್ಲಿ.

ನಮ್ಮದು ಹಿರಿಯರು ನೋಡಿ ಮಾಡಿದ ಮದುವೆ, ದಾವಣಗೆರೆ ಕಡೆ. ನನ್ನ ಗಂಡ ಒಳ್ಳೆಯವ್ರು, ಕುಡಿಯಲ್ಲ, ಜೋರು ಮಾಡಲ್ಲ. ಆದ್ರೆ ರಾತ್ರಿ ಲೈಟ್ ಆಫ್ ಮಾಡಿ ಅವಸರದಲ್ಲಿ ಎಲ್ಲಾ ಮುಗಿಸಿ ಆ ಕಡೆ ತಿರುಗಿ ಮಲಗೋರು. ನನಗೆ ನೋವು, ಉರಿ, ಖುಷಿ ಅನ್ನೋದು ಏನೂ ಇಲ್ಲ, ಆದ್ರೆ ಯಾಕೆ ಹಿಂಗೆ ಅಂತ ನನಗೇ ಗೊತ್ತಿರ್ಲಿಲ್ಲ, ಮದುವೆ ಅಂದ್ರೆ ಇಷ್ಟೇ ಇರ್ಬೇಕು ಅನ್ಕೊಂಡಿದ್ದೆ. ಒಂದಿನ ಕತ್ತಲಲ್ಲಿ ಕೇಳಿದ್ರು, "ನಿನಗೆ ಸಾಕಾಗ್ತಿದ್ಯಾ?" ಅಂತ. ನಾನು "ಹ್ಞೂ, ಎಲ್ಲಾ ಸರಿಯಾಗೇ ಇದೆಯಲ್ಲ" ಅಂದೆ.

ನಮ್ಮ ಮನೆ ಹಾಳು ಮಾಡೋಕೆ ಬಂದಿದ್ದು ಆ ಒಂದು ಮಾತು, ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ನಾನು ಅವ್ರ ಮನಸ್ಸು ನೋಯ್ಬಾರ್ದು ಅಂತ ಹೇಳಿದ್ದು. ಆದ್ರೆ ನನ್ನ ಮೈ ಸುಳ್ಳು ಹೇಳ್ತಿರ್ಲಿಲ್ಲ, ಅವ್ರು ಹತ್ರ ಬಂದ್ರೆ ಬಿಗಿ ಆಗ್ತಿತ್ತು, ಅದು ಅವ್ರಿಗೆ ಗೊತ್ತಾಗ್ತಿತ್ತು. ಬಾಯಲ್ಲಿ ಸರಿ ಇದೆ, ಮೈಯಲ್ಲಿ ಬೇಡ, ಅಂದ್ರೆ ಇವಳು ಕರುಣೆಗೆ ಹೇಳ್ತಿದಾಳೆ, ನಂದು ಚಿಕ್ಕದು ಅಂತ ಇವಳಿಗೆ ಗೊತ್ತಾಗಿದೆ, ಹೀಗೆ ಅವ್ರ ತಲೆ ಓಡ್ತು. "ನಿಧಾನ ಮಾಡಿ, ನನಗೆ ನೋವಾಗ್ತಿದೆ, ಮೊದಲು ಸ್ವಲ್ಪ ಹೊತ್ತು ಮುಟ್ಟಿ ಮಾತಾಡ್ಸಿ" ಅಂತ ನಾನು ಅವತ್ತೇ ಅಂದಿದ್ರೆ ಮುಂದಿನದ್ದು ಯಾವ್ದೂ ಆಗ್ತಿರ್ಲಿಲ್ಲ. ಅಲ್ಲಿ ಅವ್ರಿಗೆ ಬೇಕಾಗಿದ್ದು ಸಮಾಧಾನ ಅಲ್ಲ, ದಾರಿ. ನಾನು ಬರೀ ಸಮಾಧಾನ ಕೊಟ್ಟೆ. ಆಮೇಲೆ ಅದನ್ನ ಸರಿ ಮಾಡೋಕೂ ಧೈರ್ಯ ಬರ್ಲಿಲ್ಲ, ಇಷ್ಟು ದಿನ ಸುಳ್ಳು ಹೇಳಿದ್ಯಾ ಅಂತಾರೇನೋ ಅಂತ.

ಅವ್ರು ದೂರ ಆಗ್ತಾ ಹೋದ್ರು, ಅಂಗಡಿಯಿಂದ ಲೇಟಾಗಿ ಬರೋದು, ಹೊರಗಿನ ಹಾಲ್‌ನಲ್ಲಿ ಮಲಗೋದು. ನನಗೆ, ನಾನು ಇಷ್ಟ ಇಲ್ಲ ಇವ್ರಿಗೆ ಅಂತ ಅಳು. ಅತ್ತೆಗೆ ಮಕ್ಕಳ ಚಿಂತೆ. ಒಂದಿನ ಸ್ಕೂಟರ್ ಡಿಕ್ಕಿ ತೆಗೆದ್ರೆ ಎಣ್ಣೆ ಬಾಟ್ಲು, ಹೆಸರೇ ಇಲ್ದಿರೋ ಕ್ಯಾಪ್ಸೂಲು. ರೈಲ್ವೆ ಕಾಂಪೌಂಡ್ ಗೋಡೆ ಮೇಲೆ ಜಾಹೀರಾತು ಬರೆಸಿರ್ತಾರಲ್ಲ, ಲಾಡ್ಜಲ್ಲಿ ರೂಮ್ ಮಾಡ್ಕೊಂಡು ಕೂತಿರೋ ಅಂಥೋನೊಬ್ಬನ ಹತ್ರ ಚೀಟಿ ದುಡ್ಡೆಲ್ಲ ಸುರಿದಿದ್ರು. ಕ್ಯಾಪ್ಸೂಲ್ ತಗೊಂಡ ದಿನ ಮುಖ ಕೆಂಪಾಗಿ ತಲೆ ಸಿಡಿಯೋದು. ಎಣ್ಣೆ ಹಚ್ಚಿ ಚರ್ಮ ಸುಟ್ಟು ಬೊಬ್ಬೆ ಬಂದಾಗ ಮುಚ್ಚಿಡೋಕಾಗ್ಲಿಲ್ಲ, ಚರ್ಮದ ಡಾಕ್ಟ್ರ ಹತ್ರ ಹೋದ್ವಿ.

ಆ ಡಾಕ್ಟ್ರಮ್ಮ ಗಾಯಕ್ಕೆ ಔಷಧಿ ಬರ್ದು, ಆಮೇಲೆ ಇವ್ರಿಗೆ ನೇರವಾಗಿ ಹೇಳಿದ್ರು, ನಿಮ್ಮದು ನಾರ್ಮಲ್, ಇಂಥ ಹೆಸರಿಲ್ದ ಕ್ಯಾಪ್ಸೂಲ್‌ಗಳಲ್ಲಿ ಎಷ್ಟೋ ಸಲ ಸಿಲ್ಡೆನಾಫಿಲ್, ಅಂದ್ರೆ ವಯಾಗ್ರದಲ್ಲಿರೋ ಔಷಧಿ, ಪುಡಿ ಮಾಡಿ ಹಾಕಿರ್ತಾರೆ, ಹಾರ್ಟ್‌ಗೆ ನೈಟ್ರೇಟ್ ಮಾತ್ರೆ ತಗೊಳ್ಳೋರು ಇದನ್ನ ನುಂಗಿದ್ರೆ ಬಿಪಿ ಬಿದ್ದು ಜೀವಕ್ಕೇ ಅಪಾಯ. ಇಂಥ ಜಾಹೀರಾತು ಕೊಡೋದೇ 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ಪ್ರಕಾರ ತಪ್ಪು, ಆದ್ರೂ ಗೋಡೆ ಗೋಡೆ ಮೇಲೆ ಇದೆ, ನನಗೆ ಅದನ್ನ ನೋಡಿದ್ರೆ ಈಗ್ಲೂ ಹೊಟ್ಟೆ ಉರಿಯತ್ತೆ. ಆಮೇಲೆ ಡಾಕ್ಟ್ರಮ್ಮ ನನ್ನೊಬ್ಬಳನ್ನೇ ಕೂರಿಸ್ಕೊಂಡು "ನಿಮಗೆ ಹೇಗಿರತ್ತೆ?" ಅಂತ ಕೇಳಿದ್ರು. ನನ್ನನ್ನ ಯಾರೂ ಹಾಗೆ ಕೇಳಿರ್ಲಿಲ್ಲ, ಎಲ್ಲಾ ಹೇಳ್ಬಿಟ್ಟೆ, ಅತ್ಕೊಂಡೇ ಹೇಳಿದೆ.

ಅವ್ರು ವಿವರ್ಸಿದ್ದು, ಆಮೇಲೆ ನಾನು ಓದ್ಕೊಂಡಿದ್ದು ಎರಡೂ ಸೇರ್ಸಿ ಹೇಳ್ತೀನಿ ಕೇಳಿ. 2015ರಲ್ಲಿ ಲಂಡನ್ನಿನ ತಂಡವೊಂದು ಬೇರೆ ಬೇರೆ ದೇಶಗಳ ಸುಮಾರು 15,500 ಗಂಡಸರ ಅಳತೆ ಒಟ್ಟು ಮಾಡ್ತು, ನಿಮಿರಿದಾಗ ಸರಾಸರಿ ಉದ್ದ 13.12 ಸೆಂ.ಮೀ. ಬಂತು. ನಿಮ್ಮ ನಾಲ್ಕೂವರೆ ಇಂಚು ಅಂದ್ರೆ 11.4. ಆ ಲೆಕ್ಕದಲ್ಲಿ ನೂರು ಜನ ಗಂಡಸರಲ್ಲಿ ಹೆಚ್ಚುಕಡಿಮೆ 15 ಜನ ನಿಮ್ಮಷ್ಟೇ ಅಥವಾ ನಿಮಗಿಂತ ಕಮ್ಮಿ. ಅದು ರೋಗ ಅಲ್ಲ. ಮೇಲಿಂದ ಬಗ್ಗಿ ನೋಡ್ಕೊಂಡ್ರೆ ಇರೋದಕ್ಕಿಂತ ಚಿಕ್ಕದಾಗೇ ಕಾಣತ್ತೆ, ಹೊಟ್ಟೆ ಬಂದಿದ್ರೆ ಬುಡದ ಕೊಬ್ಬಲ್ಲಿ ಇನ್ನೊಂದಿಷ್ಟು ಮುಚ್ಚೋಗತ್ತೆ. 2006ರಲ್ಲಿ ಬಂದ ಇನ್ನೊಂದು ದೊಡ್ಡ ಸರ್ವೆಯಲ್ಲಿ 85 ಪರ್ಸೆಂಟ್ ಹೆಂಗಸರು ಸಂಗಾತಿಯ ಸೈಜ್ ಬಗ್ಗೆ ತೃಪ್ತಿ ಇದೆ ಅಂದಿದ್ರು, ತಮ್ಮ ಸೈಜ್ ಬಗ್ಗೆ ತೃಪ್ತಿ ಇದ್ದ ಗಂಡಸರು ಬರೀ 55 ಪರ್ಸೆಂಟ್.

ಸೈಜ್ ಲೆಕ್ಕಕ್ಕೇ ಇಲ್ಲ ಅಂತ ನಾನು ಹೇಳಲ್ಲ, ಸ್ವಲ್ಪ ದೊಡ್ಡದು ಇಷ್ಟ ಪಡೋ ಹೆಂಗಸರು ಇದ್ದಾರೆ, ಬೇರೆ ಬೇರೆ ಸೈಜಿನ ಮಾಡೆಲ್ ತೋರಿಸಿ ಕೇಳಿದ ಒಂದು ಅಧ್ಯಯನದಲ್ಲಿ ಸರಾಸರಿಗಿಂತ ಒಂಚೂರು ದೊಡ್ಡದನ್ನೇ ಆರಿಸಿದ್ರು. ಇನ್ನು ಕೆಲವರಿಗೆ ತೀರಾ ಉದ್ದ ಇದ್ರೆ ಒಳಗೆ ತಗುಲಿ ನೋವಾಗತ್ತೆ. ಆದ್ರೆ ಇಷ್ಟ ಬೇರೆ, ತೃಪ್ತಿ ಬೇರೆ. ಹೆಣ್ಣಿನ ಸುಖದ ಮುಖ್ಯ ಜಾಗ ಒಳಗೆ ಆಳದಲ್ಲಿಲ್ಲ, ಹೊರಗೆ, ಯೋನಿ ಬಾಗಿಲ ಮೇಲ್ಗಡೆ ಇರೋ ಕ್ಲಿಟೋರಿಸ್ಸಲ್ಲಿ. ಅದು ಒಳಗೆ ಎಷ್ಟು ದೂರ ಹರಡಿದೆ ಅಂತ ಆಸ್ಟ್ರೇಲಿಯಾದ ಸರ್ಜನ್ ಹೆಲೆನ್ ಓ'ಕಾನೆಲ್ 1998ರಲ್ಲಿ ಸರಿಯಾಗಿ ತೋರ್ಸಿದ್ರು. ಅಮೆರಿಕದ 2018ರ ಸಮೀಕ್ಷೆ ಒಂದರಲ್ಲಿ ಬರೀ ಸಂಭೋಗದಿಂದಲೇ ಆರ್ಗ್ಯಾಸಂ, ಅಂದ್ರೆ ಸುಖದ ತುದಿ, ಸಿಗತ್ತೆ ಅಂದ ಹೆಂಗಸರು 18 ಪರ್ಸೆಂಟ್ ಚಿಲ್ಲರೆ ಅಷ್ಟೇ. ಯೋನಿಯ ಒಳಗೂ ಸ್ಪರ್ಶ ಹೆಚ್ಚು ತಿಳಿಯೋದು ಬಾಗಿಲ ಹತ್ರದ ಭಾಗದಲ್ಲೇ, ಅಲ್ಲಿಗೆ ನಾಲ್ಕೂವರೆ ಇಂಚು ಧಾರಾಳ. ಮನಸ್ಸು ಬಂದಾಗ ಯೋನಿ ಒದ್ದೆ ಆಗತ್ತೆ, ಉದ್ದ ಆಗತ್ತೆ, ಅದಕ್ಕೆ ಟೈಮ್ ಬೇಕು. ನನ್ನ ನೋವು, ಉರಿ ಎಲ್ಲಾ ಆ ಟೈಮ್ ಸಿಗ್ದೇ ಬಂದಿದ್ದು.

ಮನೆಗೆ ಬಂದ್ಮೇಲೆ ಒಂದೇ ದಿನಕ್ಕೆ ಬದಲಾಗ್ಲಿಲ್ಲ. ಅವ್ರಿಗೆ ಕೋಪಾನೂ ಬಂತು, ಯಾಕೆ ಮೊದಲೇ ಹೇಳ್ಲಿಲ್ಲ ಅಂತ. ಆದ್ರೆ ಮಾತು ಶುರು ಆಯ್ತು. ಬೇಡ ಅಂದ್ರೆ ಬೇಡ, ನೋವಾದ್ರೆ ನಿಲ್ಸೋದು, ಎಲ್ಲಿ ಹೆಂಗೆ ಮುಟ್ಟಿದ್ರೆ ಹಿತ ಅಂತ ನಾನೇ ಕೈ ಹಿಡಿದು ತೋರ್ಸೋದು, ಒಣಗಿದಂಗಿದ್ರೆ ಮೆಡಿಕಲ್ ಶಾಪಲ್ಲಿ ಸಿಗೋ ನೀರಿನ ಬೇಸ್ ಜೆಲ್ ಹಚ್ಚೋದು. ಸೈಜ್ ಅವತ್ತು ಎಷ್ಟಿತ್ತೋ ಇವತ್ತೂ ಅಷ್ಟೇ ಇದೆ, ನಾನು ಖುಷಿಯಾಗಿದೀನಿ.

ಹಾಗಾಗಿ ನಿಮ್ಮ ಪ್ರಶ್ನೆನೇ ನಾನು ಒಪ್ಪಲ್ಲ. ಆ ಹುಡುಗಿಗೆ ಏನು ಸಾಕು ಏನು ಸಾಲ್ದು ಅಂತ ನೀವು ಸ್ಕೇಲ್ ಇಟ್ಟು ಮೊದಲೇ ತೀರ್ಮಾನ ಮಾಡ್ತಿದೀರ, ಅವಳನ್ನ ಕೇಳ್ದೇನೇ. ಈ ಕಾರಣಕ್ಕೆ ಮದುವೆ ಮುರಿಬೇಡಿ. ಮದುವೆ ಆದ್ಮೇಲೆ "ಸಾಕಾಗ್ತಿದ್ಯಾ" ಅಂತ ಮಾತ್ರ ಕೇಳ್ಬೇಡಿ, ಅದಕ್ಕೆ ಯಾವ ಹೊಸ ಹೆಂಡತಿನೂ ಹ್ಞೂ ಅಂತಾನೇ ಹೇಳೋದು. "ಎಲ್ಲಿ ಇಷ್ಟ ಆಯ್ತು, ಎಲ್ಲಿ ನೋವಾಯ್ತು" ಅಂತ ಕೇಳಿ, ಹೇಳಿದಾಗ ಮುಖ ಸಣ್ಣ ಮಾಡ್ಕೋಬೇಡಿ. ನಿಮಿರೋದೇ ಕಷ್ಟ ಆಗ್ತಿದೆ ಅಂದ್ರೆ ಅದು ಬೇರೆ ವಿಷಯ, ಯುರಾಲಜಿಸ್ಟ್, ಅಂದ್ರೆ ಮೂತ್ರಾಂಗದ ಡಾಕ್ಟ್ರ ಹತ್ರ ಹೋಗಿ, ಶುಗರ್ ಬಿಪಿ ಚೆಕ್ ಮಾಡ್ಸಿ, ಎಷ್ಟೋ ಸಲ ಶುಗರ್ ಅಥವಾ ಹಾರ್ಟ್ ತೊಂದರೆ ಮೊದಲು ಕಾಣಿಸ್ಕೊಳ್ಳೋದು ಅಲ್ಲೇ. ಆ ಎಣ್ಣೆ ಆರ್ಡರ್ ಇವತ್ತೇ ಕ್ಯಾನ್ಸಲ್ ಮಾಡಿ, ಬಂದಾಗಿದ್ರೆ ಬಿಸಾಕಿ, ಒಂದು ತೊಟ್ಟೂ ಹಚ್ಕೋಬೇಡಿ.