ಜನ್ಮವರ್ಷವನ್ನು ಪದೇ ಪದೇ ತಿರುಚುವವರಿಗೆ ಏನು ಮಾಡಬೇಕು?

ವಿಕಿಪೀಡಿಯದ ಲೇಖನವೊಂದರಲ್ಲಿ ಯಾರೋ ಜನ್ಮವರ್ಷವನ್ನು ಬದಲಿಸುತ್ತಲೇ ಇದ್ದಾರೆ, ಸರಿಪಡಿಸಿದಷ್ಟೂ ಮತ್ತೆ ಕೆಡಿಸುತ್ತಾರೆ ಎಂದು ಬರೆದಿದ್ದೀರಿ. ಮೊದಲು ಸ್ವಲ್ಪ ತಡೆಯಿರಿ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಂದೇ ಪುಟದಲ್ಲಿ 24 ಗಂಟೆಗಳೊಳಗೆ ಮೂರಕ್ಕಿಂತ ಹೆಚ್ಚು ಸಲ ಇತರರ ತಿದ್ದುಪಡಿ ರದ್ದು ಮಾಡಿದರೆ ನಿಮ್ಮ ಖಾತೆಗೇ ನಿರ್ಬಂಧ ಬೀಳಬಹುದು. ಸ್ಪಷ್ಟ ಕಿಡಿಗೇಡಿತನವನ್ನು ಅಳಿಸಲು ವಿನಾಯಿತಿ ಇದೆ, ನಿಜ. ಆದರೆ 1934 ಹೋಗಿ 1943 ಆದರೆ ಅದು ಕುಚೇಷ್ಟೆಯೋ ಗೊಂದಲವೋ ಎಂದು ಮೂರನೆಯವರಿಗೆ ಹೇಗೆ ತಿಳಿಯಬೇಕು?

ಬೈಗುಳ ಗೀಚಿ ಹೋಗುವವನು ನನ್ನ ದೃಷ್ಟಿಯಲ್ಲಿ ನಿರುಪದ್ರವಿ; ಅಂಥದ್ದನ್ನು ಬಹುಪಾಲು ಬಾಟ್‌ಗಳೇ (ತಾವಾಗಿಯೇ ಕೆಲಸ ಮಾಡುವ ಪ್ರೋಗ್ರಾಂಗಳು) ಹಿಡಿದು ಅಳಿಸುತ್ತವೆ. ಅಂಕಿ ತಿರುಚುವವನು ಹಾಗಲ್ಲ. 2005ರಲ್ಲಿ ಅಮೆರಿಕದ ಪತ್ರಕರ್ತ ಜಾನ್ ಸೀಗೆಂಥಾಲರ್ ಅವರ ಬಗ್ಗೆ ವಿಕಿಪೀಡಿಯದಲ್ಲಿ ಸೇರಿಸಿದ ಹಸಿ ಸುಳ್ಳು ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಹಾಗೆಯೇ ಉಳಿದಿತ್ತು, ಏಕೆಂದರೆ ಓದುವುದಕ್ಕೆ ಅದು ಮಾಹಿತಿಯಂತೆಯೇ ಇತ್ತು.

ಪುಟದ ಇತಿಹಾಸದಲ್ಲಿ ಎರಡು ಆವೃತ್ತಿಗಳನ್ನು ಹೋಲಿಸಿ. ಇಸವಿ ಮಾತ್ರ ಬದಲಾಗಿ, ಪಕ್ಕದ ಉಲ್ಲೇಖ ಹಾಗೆಯೇ ಇದೆಯೇ? ಆ ಮೂಲವನ್ನು ತೆರೆದು ಓದಿ. ಅಲ್ಲಿ ಹಳೆಯ ಇಸವಿಯೇ ಇದ್ದರೆ ನಿಮ್ಮ ಕೈಯಲ್ಲಿ ಪುರಾವೆ ಇದ್ದಂತೆ. ಆ ಸದಸ್ಯರ ಇತರ ತಿದ್ದುಪಡಿಗಳನ್ನೂ ನೋಡಿ. ಈ ಚಾಳಿ ಒಂದೇ ಲೇಖನಕ್ಕೆ ನಿಲ್ಲುವುದು ಅಪರೂಪ. ಅವರ ಚರ್ಚಾಪುಟದಲ್ಲಿ ಸೌಮ್ಯವಾಗಿ ಎಚ್ಚರಿಸಿ. ಬಗ್ಗದಿದ್ದರೆ ಆ ತಿದ್ದುಪಡಿಗಳ ಕೊಂಡಿಗಳನ್ನು ಕೊಟ್ಟು ನಿರ್ವಾಹಕರಿಗೆ ದೂರು ನೀಡಿ, ಖಾತೆಯಿಲ್ಲದವರು ತಿದ್ದುತ್ತಿದ್ದರೆ ಅಂಥವರು ತಿದ್ದದಂತೆ ತಡೆಯುವ ಭಾಗಶಃ ಸಂರಕ್ಷಣೆಯನ್ನು ಪುಟಕ್ಕೆ ಕೇಳಿ.

ದೂರು ನೀಡಲು ತಡಮಾಡಬೇಡಿ. ತಪ್ಪು ಇಸವಿಯನ್ನು ಬೇರೆ ಜಾಲತಾಣ ನಕಲು ಮಾಡಿಕೊಂಡರೆ, ನಾಳೆ ಅದನ್ನೇ ಆಧಾರವೆಂದು ನಿಮ್ಮ ಮುಂದೆ ಹಿಡಿಯುತ್ತಾರೆ.